ನಾಳ ಸರಿಯಿದ್ದೂ ಸೋತ ಗುಂಡಿಗೆ

ಆಷಾಢದ ಗಾಳಿ ರಾತ್ರಿಯಿಡೀ ತೆಂಗಿನ ಸೋಗೆಗಳನ್ನು ಬಡಿದು ಈಗಷ್ಟೇ ಸುಮ್ಮನಾಗಿದೆ. 2025ರ ಜುಲೈ, ಬೆಳಗಿನ ಐದೂವರೆ. ನೀವು ಹೊನ್ನವಳ್ಳಿಯ ಒಂದು ಹೆಂಚಿನ ಮನೆಯ ಪಡಸಾಲೆಯಲ್ಲಿ ನಿಂತಿದ್ದೀರಿ. ತಲೆಯ ಮೇಲೆ ಅಟ್ಟ. ಅಟ್ಟದಲ್ಲಿ ಹೋದ ವರ್ಷ ಕೆಡವಿದ ಕಾಯಿ, ಮಟ್ಟೆ ಸಮೇತ. ಹನ್ನೊಂದು ಹನ್ನೆರಡು ತಿಂಗಳು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಅದು ತಿಪಟೂರಿನ ಉಂಡೆ ಕೊಬ್ಬರಿ. ಈ ಮನೆಯವರು ಹೋದ ವಾರ ಅರ್ಧ ಅಟ್ಟ ಇಳಿಸಿ, ಸುಲಿಸಿ, ಒಡೆಸಿ, ಹೆರೆದು, ಐದು ಚೀಲ ಕಟ್ಟಿ ಗೋಡೆಗೆ ಒರಗಿಸಿದ್ದರು. ಆ ಗೋಡೆ ಈಗ ಬರಿದು. ಹಿತ್ತಲ ಬಾಗಿಲ ಚಿಲಕ ಕಿತ್ತು ನೇತಾಡುತ್ತಿದೆ.

ಮೊದಲು ಎದ್ದು ಬಂದವಳು ಮನೆಯ ಹಿರಿಯಳು. ಅರವತ್ತನಾಲ್ಕು ವಯಸ್ಸು. ಆಕೆಗೊಂದು ಹೆಸರು ಬೇಡ. ವೈದ್ಯರ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಕಾಯಿಲೆಯ ಹಾದಿಯನ್ನು ನಾನು ಈ ಮನೆಗೆ ತಂದು ನಿಲ್ಲಿಸಿದ್ದೇನೆ. ಹಳ್ಳಿಯಲ್ಲಿ ಇದು ಬಂದರೆ ಹೆಸರೇ ತಿಳಿಯದೆ ಹೋದೀತು ಎಂಬ ಚಿಂತೆ ನನ್ನದು.

ಆಕೆ ಕೂಗುವುದಿಲ್ಲ. ಗೋಡೆಯ ಬುಡದಲ್ಲಿ ಚೀಲ ಎಳೆದ ಗುರುತು ನೋಡುತ್ತಾಳೆ, ಬಾಗಿಲ ತನಕ ಹೋಗುತ್ತಾಳೆ, ತಿರುಗಿ ಬರುತ್ತಾಳೆ. 2023ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಾಗ ಇವಳೇ ಮಗನಿಗೆ ಧೈರ್ಯ ಹೇಳಿದ್ದಳು. ಈ ವರ್ಷ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿದೆ. ಸೊಸೈಟಿ ಸಾಲ, ಮೊಮ್ಮಗಳ ಕಾಲೇಜು ಫೀಜು ಎಲ್ಲ ಆ ಐದು ಚೀಲದ ಮೇಲೆ ನಿಂತಿತ್ತು.

"ಅತ್ತೆ, ಕೂತ್ಕಳಿ" ಅನ್ನುತ್ತಾಳೆ ಸೊಸೆ.

ಕೂತ ಮೇಲೆ ಆಕೆಯ ಕೈ ನೋಡಿ. ಎರಡೂ ಕೈ ತೊಡೆಯ ಮೇಲಿವೆ, ಬೆರಳ ತುದಿಗಳು ಸಣ್ಣಗೆ ನಡುಗುತ್ತಿವೆ. ಹೆದರಿಕೆಗೆ ನಡುಗುವುದು ಸಹಜವೇ. ಆದರೆ ಇದು ಇವತ್ತಿನ ನಡುಕವಲ್ಲ. ಹದಿನೈದು ದಿನದಿಂದ ಕಾಫಿ ಲೋಟ ತಟ್ಟೆಗೆ ತಾಗಿ ಸದ್ದು ಮಾಡುತ್ತಿದೆ. ಗಾಜಿನ ಬಳೆಗಳು ಮೊದಲು ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂರುತ್ತಿದ್ದವು, ಈಗ ಕೈಯೆತ್ತಿದರೆ ಮೊಣಕೈ ಹತ್ತಿರಕ್ಕೆ ಜಾರುತ್ತವೆ. ಊರೆಲ್ಲ ಟವೆಲು ಹೊದ್ದು ತಿರುಗುವ ಈ ಚಳಿಗಾಳಿಯಲ್ಲೂ ಆಕೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾಳೆ. ರಾತ್ರಿ ನಿದ್ದೆ ಬರುವುದಿಲ್ಲ. "ಹೊಟ್ಟೆ ತುಂಬ ಉಣ್ತಾರೆ, ಮೈಗೇ ಹತ್ತಾಕಿಲ್ಲ" ಎಂದು ಸೊಸೆ ನೆರೆಯವರ ಹತ್ತಿರ ಹೇಳಿದ್ದೂ ಉಂಟು. ಒಳಕೋಣೆಯ ಬೀರುವಿನ ಮೇಲೆ, ಅರಿಶಿನದ ಡಬ್ಬಿಯ ಹಿಂದೆ, ಕಾರ್ಬಿಮಜೋಲ್ ಗುಳಿಗೆಯ ಖಾಲಿ ಪಟ್ಟಿಯೊಂದಿದೆ. ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡುವುದನ್ನು ತಡೆಯುವ ಗುಳಿಗೆ ಅದು. ಎರಡು ತಿಂಗಳ ಹಿಂದೆ ಮುಗಿಯಿತು. ಮೈ ಹಗುರಾಗಿತ್ತು, ಕೊಬ್ಬರಿ ಕೆಲಸ ಮೈಮೇಲಿತ್ತು, ಮತ್ತೆ ತರಿಸಲಿಲ್ಲ.

ಆರು ಗಂಟೆಗೆ ಎದೆ ಹಿಡಿಯಿತು.

"ಎದೆ ಮ್ಯಾಲೆ ಯಾರೋ ಕುಂತಂಗೈತೆ ಕಣವ್ವ" ಅನ್ನುತ್ತಾಳೆ. ಮನೆ ತುಂಬ ಜನ ಸೇರಿದ್ದಾರೆ, ಕಳವು ನೋಡಲು ಬಂದವರು. ಒಬ್ಬರು ಗ್ಯಾಸು ಅನ್ನುತ್ತಾರೆ. ಇನ್ನೊಬ್ಬರು ಹೆದರಿಕೊಂಡಿದ್ದಾಳೆ ಅಷ್ಟೇ, ಸುಮ್ಮನೆ ಮಲಗಿಸಿ ಅನ್ನುತ್ತಾರೆ. ಪಕ್ಕದ ಮನೆಯ ಹುಡುಗ ಓಡಿ ಹೋಗಿ ಎಳನೀರು ಕೆತ್ತಿ ತರುತ್ತಾನೆ. ಇಲ್ಲಿನ ಗಂಗಾಪಾಣಿ ತಳಿಯ ಎಳನೀರಿನ ರುಚಿಯನ್ನು ಹಳೆಯ ಮೈಸೂರು ಗೆಜೆಟಿಯರೇ ಹೊಗಳಿದೆ. ನೋವಿಗೆ, ಸುಸ್ತಿಗೆ, ಸಂಕಟಕ್ಕೆ ಈ ಊರಿನಲ್ಲಿ ಮೊದಲು ಕೈಗೆ ಬರುವುದು ಅದೇ. ಆಕೆ ಒಂದು ಗುಟುಕು ಕುಡಿದು ಲೋಟ ದೂಡುತ್ತಾಳೆ. ಉಸಿರು ಮೇಲುಮೇಲಕ್ಕೆ ಬರುತ್ತಿದೆ.

ಅಷ್ಟು ಹೊತ್ತಿಗೆ ಬೀದಿಯ ಆಶಾ ಕಾರ್ಯಕರ್ತೆ ಒಳಗೆ ಬಂದು ಹಣೆ ಮುಟ್ಟಿ ನೋಡುತ್ತಾಳೆ. "ಗ್ಯಾಸ್ ಅಲ್ಲಕ್ಕ ಇದು. ಹಿಂಗೆ ಬೆವರ್ತಾ ಅವ್ರೆ. ಏಳಿ, ಗಾಡಿ ತರ್ಸಿ." ಈ ಹೆಂಗಸಿನ ಮಾತಿಗೆ ನಾನು ಕೈ ಮುಗಿಯುತ್ತೇನೆ. ಹೆಂಗಸರ ಎದೆನೋವನ್ನು ಮನೆಯವರು ನಂಬುವುದಕ್ಕೆ ಹಿಡಿಯುವ ಹೊತ್ತು ನಮ್ಮಲ್ಲಿ ತೀರಾ ಹೆಚ್ಚು. ಅದರಲ್ಲೂ ಅವಳು ಅತ್ತಿದ್ದರೆ, ದುಃಖದಲ್ಲಿದ್ದರೆ, ನೋವು ಮನಸ್ಸಿನದು ಎಂದು ಪಕ್ಕಕ್ಕಿಟ್ಟುಬಿಡುತ್ತೇವೆ.

ನೀವೂ ಗಾಡಿ ಹತ್ತಿ. ಹಿಂದಿನ ಸೀಟಿನಲ್ಲಿ ಆಕೆ ಸೊಸೆಯ ಭುಜಕ್ಕೆ ಒರಗಿದ್ದಾಳೆ. ಎರಡೂ ಬದಿಗೆ ತೆಂಗು, ನಡುವೆ ಅಣಬೆ ರೋಗ ಬಡಿದು ಸುಳಿ ಬಿದ್ದ ಬೋಳು ಮರಗಳು. ಒಂದು ಕಾಲಕ್ಕೆ ಹೊನ್ನವಳ್ಳಿಯೇ ತಾಲ್ಲೂಕು ಕೇಂದ್ರ. ಈಗ ಪ್ರತಿಯೊಂದಕ್ಕೂ ತಿಪಟೂರಿಗೆ ಓಡಬೇಕು. ಮುಂದಿನ ಸೀಟಿನಲ್ಲಿ ಮಗ ಮತ್ತೆ ಮತ್ತೆ ತಿರುಗಿ ನೋಡುತ್ತಾನೆ. ಅವನ ತಲೆಯಲ್ಲಿರುವುದು ಹಾಸನ. ಅರಸೀಕೆರೆಯನ್ನೂ ಒಳಗೊಂಡ ಆ ಜಿಲ್ಲೆ ನಮ್ಮ ಪಕ್ಕದ್ದೇ. ಅಲ್ಲಿ ಒಬ್ಬರ ಹಿಂದೊಬ್ಬರು ಹೃದಯಾಘಾತಕ್ಕೆ ಹೋದರೆಂಬ ಸುದ್ದಿ ಜೂನ್‌ನಿಂದ ಟಿ.ವಿ.ಯಲ್ಲಿ ಬಂದದ್ದೇ ಬಂದದ್ದು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ನಸುಕಿನಲ್ಲೇ ಸಾಲು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಸತ್ತವರಲ್ಲಿ ಬಹಳಷ್ಟು ಜನಕ್ಕೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕುಡಿತ, ಧೂಮಪಾನದಂಥ ಗೊತ್ತಿರುವ ಕಾರಣಗಳೇ ಇದ್ದವೆಂದು ಹೇಳಿತು. ಹಾಗೆ ಹೇಳಿದ ಮಾತ್ರಕ್ಕೆ ಊರಿನ ಭಯ ಇಳಿಯಲಿಲ್ಲ.

ತಿಪಟೂರು. ಮಂಚದ ಮೇಲೆ ಮಲಗಿಸಿ, ಎದೆಗೆ ತಂತಿ ಅಂಟಿಸಿ, ಇ.ಸಿ.ಜಿ. ಕಾಗದ ಹೊರಬಂದಾಗ ಡ್ಯೂಟಿ ಡಾಕ್ಟರ ಮುಖ ಬಿಗಿಯುತ್ತದೆ. ಹೃದಯದ ಮುಂಭಾಗವನ್ನು ತೋರಿಸುವ ಗೆರೆಗಳು ಎದ್ದು ನಿಂತಿವೆ. ದೊಡ್ಡ ಹೃದಯಾಘಾತದಲ್ಲಿ ಕಾಣುವ ಗೆರೆಗಳೇ. ನಾಡಿ ನಿಮಿಷಕ್ಕೆ 132. ರಕ್ತದೊತ್ತಡ ಮೇಲಿನದು 94.

"ಶುಗರ್ ಇದೆಯಾ? ಬಿ.ಪಿ.?"

"ಏನೂ ಇಲ್ಲ ಡಾಕ್ಟ್ರೇ. ಆರೋಗ್ಯವಾಗವ್ರೆ."

ಇಲ್ಲಿ ಸ್ವಲ್ಪ ನಿಲ್ಲಿ. ಸೊಸೆ ಸುಳ್ಳು ಹೇಳಿಲ್ಲ. ಕೇಳಿದ್ದು ಶುಗರ್, ಬಿ.ಪಿ. ಕತ್ತಿನ ಗ್ರಂಥಿಯ ಗುಳಿಗೆಗೂ ಎದೆಗೂ ಏನು ಸಂಬಂಧ ಎಂದು ಅವಳಿಗೆ ಯಾರೂ ಹೇಳಿಲ್ಲ. ಗಡಿಬಿಡಿಯಲ್ಲಿ ಡಾಕ್ಟರೂ ಕೇಳಲಿಲ್ಲ. ಮುಂದಿನ ಅರ್ಧ ದಿನದ ಕಥೆಯೆಲ್ಲ ಹೇಳದೆ ಉಳಿದ ಈ ಒಂದು ಮಾತಿನ ಮೇಲೆ ನಿಂತಿದೆ.

ಇ.ಸಿ.ಜಿ. ಫೋನಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಯಿತು, ಉತ್ತರವೂ ಬಂತು: ಒತ್ತಡ ಕುಸಿಯುತ್ತಿದೆ, ತಡ ಮಾಡದೆ ಆಂಜಿಯೋಗ್ರಾಂಗೆ ಕಳಿಸಿ. ಆಸ್ಪಿರಿನ್ ಅಗಿಸಿ, ಆಂಬುಲೆನ್ಸ್ ಹತ್ತಿಸಿದರು. ಬಿ.ಎಚ್. ರಸ್ತೆ ಹಿಡಿದು ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು. ಡಾಕ್ಟರು ಮಾಡಿದ್ದು ಸರಿಯೇ. ಇದು ಮಾಮೂಲಿ ಹೃದಯಾಘಾತವೋ ಬೇರೆಯೋ ಎಂದು ಇ.ಸಿ.ಜಿ. ನೋಡಿ ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಮುಚ್ಚಿದ ನಾಳವೆಂದೇ ಎಣಿಸಿ ಓಡಬೇಕು.

ಕ್ಯಾಥ್ ಲ್ಯಾಬಿನ ಗಾಜಿನ ಈಚೆ ನಿಂತು ಪರದೆ ನೋಡಿ. ಮಣಿಕಟ್ಟಿನ ನಾಳದಿಂದ ತೂರಿಸಿದ ಸಣ್ಣ ಕೊಳವೆ ಹೃದಯದ ಬುಡಕ್ಕೆ ಬಂದಿದೆ. ಬಣ್ಣದ ದ್ರವ ಬಿಟ್ಟೊಡನೆ ಹೃದಯದ ನಾಳಗಳು ಕಪ್ಪಗೆ ಕವಲೊಡೆದು ಕಾಣುತ್ತವೆ. ಎಡಕ್ಕೆ, ಬಲಕ್ಕೆ, ತುದಿಯ ತನಕ. ಎಲ್ಲೂ ತಡೆಯಿಲ್ಲ. ಟೆಕ್ನಿಷಿಯನ್ ಡಾಕ್ಟರ ಮುಖ ನೋಡುತ್ತಾನೆ. ಡಾಕ್ಟರು ಕೊಳವೆಯನ್ನು ಎಡ ಹೃತ್ಕುಕ್ಷಿಯ ಒಳಗೇ ಇಳಿಸಿ ಮತ್ತೆ ಬಣ್ಣ ಬಿಡುತ್ತಾರೆ. ಈಗ ಕಂಡಿತು. ಮೇಲಿನ ಭಾಗ ಜೋರಾಗಿ ಹಿಂಡುತ್ತಿದೆ. ಕೆಳಗಿನ ತುದಿಯ ಸ್ನಾಯು ಅಲುಗದೆ ಉಬ್ಬಿ ನಿಂತಿದೆ. ಕತ್ತು ಕಿರಿದು, ತಳ ಗುಂಡಗಿರುವ ಮಡಕೆಯ ಆಕಾರ. ಜಪಾನಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಕಡಲಿಗೆ ಇಳಿಬಿಡುವ ಅಂಥ ಮಡಕೆಯ ಹೆಸರನ್ನೇ, 'ಟಾಕೊಟ್ಸುಬೊ' ಎಂದು, ಹಿರೋಶಿಮಾದ ಹಿಕಾರು ಸಾಟೊ ಮತ್ತು ಜೊತೆಯವರು 1990ರಲ್ಲಿ ಈ ಕಾಯಿಲೆಗೆ ಇಟ್ಟರು.

ನಾಳದಲ್ಲಿ ರಕ್ತ ಸರಾಗ ಹರಿಯುತ್ತಿದ್ದೂ ಸ್ನಾಯು ಸೋತಿದೆ. ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ ಆರೋಗ್ಯವಂತರಲ್ಲಿ ನೂರಕ್ಕೆ 55ರ ಮೇಲಿರುತ್ತದೆ. ಎಕೋದಲ್ಲಿ ಈಕೆಯದು 30.

ಭಯವಾದಾಗ, ಎದೆಯೊಡೆಯುವ ಸುದ್ದಿ ಬಂದಾಗ, ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಮತ್ತು ನರಗಳ ತುದಿಗಳು ಅಡ್ರಿನಲಿನ್ ಜಾತಿಯ ರಸಗಳನ್ನು ರಕ್ತಕ್ಕೆ ಸುರಿಯುತ್ತವೆ. ಇದು ನಮ್ಮನ್ನು ಓಡಿಸಲು, ಹೋರಾಡಿಸಲು ಇರುವ ಏರ್ಪಾಡು. ಕೆಲವರಲ್ಲಿ ಅದು ಮಿತಿ ಮೀರಿ ಬಂದು ಹೃದಯದ ಸ್ನಾಯುವನ್ನೇ ಜೋಮು ಹಿಡಿಸುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇಲಾನ್ ವಿಟ್‌ಸ್ಟೈನ್ ಮತ್ತು ಜೊತೆಯವರು ಆಪ್ತರ ಸಾವು, ದರೋಡೆಯಂಥ ಆಘಾತದ ಬೆನ್ನಿಗೆ ಹೀಗೆ ಬಂದ 19 ಜನರ ಬಗ್ಗೆ 2005ರಲ್ಲಿ ಬರೆದರು. ಅವರ ರಕ್ತದಲ್ಲಿ ಈ ರಸಗಳು ತೀವ್ರ ಹೃದಯಾಘಾತದವರಿಗಿಂತಲೂ ಎರಡು ಮೂರು ಪಟ್ಟು ಹೆಚ್ಚಿದ್ದವು. 2015ರಲ್ಲಿ ಹಲವು ದೇಶಗಳ 1,750 ರೋಗಿಗಳ ಲೆಕ್ಕ ಹೊರಬಂತು: ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಸರಾಸರಿ ವಯಸ್ಸು 67ರ ಹತ್ತಿರ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಡಿಮೆಯಾಗಿ, ಹೃದಯಕ್ಕಿದ್ದ ಒಂದು ರಕ್ಷೆ ಹೋಗುವುದು ಇದಕ್ಕೆ ಕಾರಣವಿರಬಹುದೆಂದು ಹಲವರು ಎಣಿಸಿದ್ದಾರೆ. ಆದರೂ ದುಃಖವೊಂದೇ ಸಾಲದು. ಆ ದಿನ ಬೆಳಗ್ಗೆ ಅದೇ ಬರಿಗೋಡೆಯನ್ನು ಮಗನೂ ನೋಡಿದ, ಸೊಸೆಯೂ ನೋಡಿದಳು.

ಮಧ್ಯಾಹ್ನ, ಐ.ಸಿ.ಯು. ಎದೆನೋವು ಇಳಿದಿದೆ. ಆಮ್ಲಜನಕದ ಮಾಸ್ಕ್ ಹಾಕಿ, ಶ್ವಾಸಕೋಶದ ನೀರಿಳಿಯಲು ಇಂಜೆಕ್ಷನ್ ಕೊಟ್ಟಿದ್ದಾರೆ. ನೋವು ಹೋದ ಮೇಲೂ ನಾಡಿ 126ರಿಂದ ಕೆಳಗೆ ಬರುತ್ತಿಲ್ಲ. ಕಿರಿಯ ಡಾಕ್ಟರಮ್ಮ ಒಬ್ಬಳು ಹಾಸಿಗೆಯ ಪಕ್ಕ ನಿಂತು ಆಕೆಯ ಅಂಗೈ ಹಿಡಿಯುತ್ತಾಳೆ. ಹೃದಯ ಇಷ್ಟು ಸೋತವರ ಅಂಗೈ ಸಾಮಾನ್ಯವಾಗಿ ತಣ್ಣಗಿರುತ್ತದೆ. ಇದು ಬೆಚ್ಚಗಿದೆ, ಒದ್ದೆಯಿದೆ. "ಅಜ್ಜಿ, ಕೈ ಮುಂದೆ ಚಾಚಿ. ಬೆರಳು ಅಗಲ ಮಾಡಿ." ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಡುತ್ತಾಳೆ. ಹಾಳೆಯ ಅಂಚು ಪಟಪಟ ನಡುಗುತ್ತದೆ. ಕತ್ತಿನ ಮೇಲೆ ಬೆರಳಿಟ್ಟು, "ಎಂಜಲು ನುಂಗಿ" ಅನ್ನುತ್ತಾಳೆ. ಗ್ರಂಥಿ ದಪ್ಪಗಿದೆ, ನುಂಗಿದಾಗ ಮೇಲೆ ಕೆಳಗೆ ಆಡುತ್ತದೆ.

ಹೊರಗೆ ಬಂದು ಸೊಸೆಯನ್ನು ಕೇಳುತ್ತಾಳೆ. "ಅಜ್ಜಿಗೆ ಥೈರಾಯ್ಡ್ ಏನಾದ್ರೂ ಇತ್ತಾ?"

"ಇತ್ತು ಮೇಡಂ. ವಾಸಿಯಾಯ್ತು. ಗುಳಿಗೆ ಬಿಟ್ಟು ಎರಡು ತಿಂಗಳಾಯ್ತು."

ಸಂಜೆಗೆ ರಕ್ತದ ವರದಿ ಬಂತು. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಇಳಿಯುವ ಟಿ.ಎಸ್.ಎಚ್. ಅಳತೆಗೇ ಸಿಗದಷ್ಟು ಕಡಿಮೆ. ಥೈರಾಯ್ಡ್ ಹಾರ್ಮೋನು ಮಿತಿಯ ಎಷ್ಟೋ ಮೇಲೆ.

ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಹೃದಯದ ಜೀವಕೋಶಗಳ ಮೇಲೆ ಅಡ್ರಿನಲಿನ್ನನ್ನು ಹಿಡಿದುಕೊಳ್ಳುವ ಗ್ರಾಹಕಗಳ ಸಂಖ್ಯೆ ಏರುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಹೆಚ್ಚಿರಬೇಕೆಂದೇ ಇಲ್ಲ. ಇದ್ದಷ್ಟಕ್ಕೇ ಹೃದಯ ದುಪ್ಪಟ್ಟು ಕುಣಿಯುತ್ತದೆ. ವಾರಗಳಿಂದ ಹಾಗೆ ಹದ ತಪ್ಪಿ ಓಡುತ್ತಿದ್ದ ಹೃದಯದ ಮೇಲೆ ಆ ಬೆಳಗಿನ ಕಳವು ಬಂದು ಬಿತ್ತು. ಥೈರಾಯ್ಡನ್ನು ಅತಿಯಾಗಿ ಕೆರಳಿಸುವ ಗ್ರೇವ್ಸ್ ಕಾಯಿಲೆಯವರಲ್ಲಿ, ಗುಳಿಗೆ ತಟ್ಟನೆ ಬಿಟ್ಟವರಲ್ಲಿ, ಥೈರಾಯ್ಡ್ ವಿಪರೀತಕ್ಕೆ ಹೋದವರಲ್ಲಿ ಈ ಮಡಕೆ ಆಕಾರದ ಹೃದಯ ಕಂಡುಬಂದ ವರದಿಗಳು ಜಪಾನಿನಿಂದ ಮೊದಲ್ಗೊಂಡು ಎಷ್ಟೋ ದೇಶಗಳಿಂದ ಬಂದಿವೆ.

ಡಾಕ್ಟರಮ್ಮ ಇಷ್ಟು ಹುಡುಕಿದ್ದು ಏಕೆಂದರೆ, ಇದು ಗೊತ್ತಿಲ್ಲದಿದ್ದರೆ ಕೊಡುವ ಔಷಧವೇ ಕುತ್ತಾಗಬಹುದು. ಒತ್ತಡ ಕುಸಿದ ರೋಗಿಗೆ ಹೃದಯವನ್ನು ಬಡಿದೆಬ್ಬಿಸುವ ಅಡ್ರಿನಲಿನ್ ಜಾತಿಯ ಔಷಧ ಹನಿಸುವುದು ರೂಢಿ. ಇಲ್ಲಿ ಅದು ಉರಿಯುವ ಬೆಂಕಿಗೆ ತುಪ್ಪ. ನಾಡಿ ಜೋರಾಗಿದೆಯೆಂದು ಅದನ್ನಿಳಿಸುವ ಪ್ರೊಪ್ರನೊಲಾಲ್ ಜಾತಿಯ ಗುಳಿಗೆಯನ್ನು ಒಂದೇ ಸಲ ಕೊಟ್ಟರೆ, ಮೂವತ್ತಕ್ಕಿಳಿದ ಹೃದಯ ಪೂರ್ತಿ ಕೂತುಬಿಡಬಹುದು. ಅಳೆದು ಸುರಿದು, ಪರದೆಯ ಮೇಲೆ ಕಣ್ಣಿಟ್ಟು, ನಿಲ್ಲಿಸಿದರೆ ನಿಮಿಷಗಳಲ್ಲಿ ಪ್ರಭಾವ ಇಳಿಯುವ ಔಷಧವನ್ನೇ ಆರಿಸಬೇಕು. ಇನ್ನೊಂದಿದೆ. ಆಂಜಿಯೋಗ್ರಾಂಗೆ ಬಿಟ್ಟ ಬಣ್ಣದಲ್ಲಿ ಅಯೋಡಿನ್ ತುಂಬ ಇರುತ್ತದೆ. ಥೈರಾಯ್ಡ್ ತನ್ನ ಹಾರ್ಮೋನು ಕಟ್ಟುವುದೇ ಅಯೋಡಿನ್ನಿನಿಂದ. ಮೊದಲೇ ಕೆರಳಿದ ಗ್ರಂಥಿಗೆ ಇಷ್ಟು ಅಯೋಡಿನ್ ಹೋದರೆ ಮುಂದಿನ ವಾರಗಳಲ್ಲಿ ಅದು ಇನ್ನೂ ಕೆರಳಬಹುದು. ಹಾಗಂತ ಆಂಜಿಯೋಗ್ರಾಂ ಬಿಡುವಂತಿರಲಿಲ್ಲ, ಜೀವದ ಪ್ರಶ್ನೆ. ಆದರೆ ಬೆಳಗ್ಗೆ ತಿಪಟೂರಿನ ಮಂಚದ ಹತ್ತಿರವೇ "ಥೈರಾಯ್ಡ್ ಇತ್ತು" ಎಂದಿದ್ದರೆ ಕಾರ್ಬಿಮಜೋಲ್ ಇನ್ನೂ ಬೇಗ ಹೊಟ್ಟೆ ಸೇರುತ್ತಿತ್ತು.

ಅದೇ ಐ.ಸಿ.ಯು.ನಲ್ಲಿ ಇಂಥವೇ ಬೇರೆ ದಾರಿಗಳಿಂದಲೂ ಜನ ಬರಬಹುದು. ಅಡ್ರಿನಲ್ ಗ್ರಂಥಿಯಲ್ಲಿ ಫಿಯೊಕ್ರೊಮೊಸೈಟೋಮ ಎಂಬ ಗಡ್ಡೆಯಿದ್ದರೆ ಅದು ಹೇಳದೆ ಕೇಳದೆ ಅಡ್ರಿನಲಿನ್ ಸುರಿಯುತ್ತದೆ. ತಲೆ ಸಿಡಿಯುವ ನೋವು, ಬೆವರು, ಎದೆ ಡವಡವ ಒಟ್ಟಿಗೇ ಬಂದುಹೋಗುತ್ತವೆ. ಇಂಥವರಲ್ಲೂ ಹೃದಯ ಇದೇ ಆಕಾರಕ್ಕೆ ಉಬ್ಬಬಹುದು. ಅಡ್ರಿನಲ್ ಗ್ರಂಥಿಯದೇ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ಸಾಲದವರಲ್ಲೂ, ಥೈರಾಯ್ಡ್ ತೀರಾ ಕುಸಿದವರಲ್ಲೂ ಇದು ವರದಿಯಾಗಿದೆ. ಕಾರ್ಟಿಸಾಲ್ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಮಂಡಿನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪೊಟ್ಟಣದಲ್ಲಿ ಸ್ಟಿರಾಯ್ಡ್ ಗುಳಿಗೆ ನುಂಗುವವರು ಹಳ್ಳಿಗಳಲ್ಲಿದ್ದಾರೆ. ತಿಂಗಳುಗಟ್ಟಲೆ ನುಂಗಿದರೆ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತು ಮಲಗುತ್ತದೆ. ಮುಖ ಊದಿತೆಂದು ಒಂದು ದಿನ ತಟ್ಟನೆ ಬಿಟ್ಟರೆ, ಕಷ್ಟ ಬಂದಾಗ ಮೈ ತಡೆದುಕೊಳ್ಳಲು ಬೇಕಾದ ಕಾರ್ಟಿಸಾಲ್ ಸಿಗುವುದಿಲ್ಲ. ಅಂಥ ಗುಳಿಗೆಯನ್ನು ವೈದ್ಯರು ಹೇಳಿದಂತೆ ಮೆಲ್ಲನೆ ಇಳಿಸಿಯೇ ಬಿಡಬೇಕು. ಎದೆನೋವೆಂದು ಓಡುವಾಗ ಆ ಪೊಟ್ಟಣವೂ ಕೈಯಲ್ಲಿರಲಿ.

ಮೂರನೆಯ ರಾತ್ರಿ ಆಕೆಯ ಹೃದಯದ ಬಡಿತ ಒಮ್ಮೆ ದಾರಿ ತಪ್ಪಿ ಯಂತ್ರ ಕಿರುಚಿಕೊಂಡಿತು. ನರ್ಸ್ ಓಡಿದಳು, ಇಂಜೆಕ್ಷನ್‌ಗೆ ಸರಿಹೋಯಿತು. ಇದು ತಾನಾಗಿ ವಾಸಿಯಾಗುವ ಕಾಯಿಲೆ ಎಂದು ಹಗುರ ಮಾಡುವವರಿಗೆ ಆ ರಾತ್ರಿ ತೋರಿಸಬೇಕು. ಆ 1,750 ಜನರಲ್ಲಿ ನೂರಕ್ಕೆ ನಾಲ್ಕು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಉಬ್ಬಿದ ತುದಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಭಯವಿರುವುದರಿಂದ ಈಕೆಗೆ ಹೆಪ್ಪು ತಡೆಯುವ ಇಂಜೆಕ್ಷನ್ ನಡೆಯುತ್ತಿತ್ತು. ಐದನೆಯ ದಿನ ನಾಡಿ ನೂರರ ಕೆಳಗೆ ಬಂತು. ಎದ್ದು ಕೂತು ಮೊದಲು ಕೇಳಿದ್ದು, "ಚೀಲ ಸಿಕ್ಕಿದ್ವಾ?"

"ಪೊಲೀಸ್ನೋರು ನೋಡ್ತಾ ಅವ್ರೆ. ನೀನು ಸುಮ್ಕಿರವ್ವ" ಅಂದ ಮಗ.

ಆರು ವಾರದ ಮೇಲೆ ಮತ್ತೆ ಎಕೋ. ಪರದೆಯಲ್ಲಿ ತುದಿಯ ಸ್ನಾಯು ಮೇಲಿನ ಭಾಗದ ಜೊತೆಗೇ ಹಿಂಡುತ್ತಿದೆ. 58. ಮಾಮೂಲಿ ಹೃದಯಾಘಾತದಲ್ಲಿ ಸತ್ತ ಸ್ನಾಯು ಹೀಗೆ ಮರಳುವುದಿಲ್ಲ. ಜೋಮು ಹಿಡಿದ ಸ್ನಾಯು ವಾರಗಳಲ್ಲಿ ಮರಳುತ್ತದೆ. ಸೊಸೆ ಕಣ್ಣೊರೆಸಿಕೊಂಡು, ಚೀಟಿ ಹಿಡಿದು ಕೇಳುತ್ತಾಳೆ: "ಎದೆ ಸರಿಹೋಯ್ತಲ್ಲ ಮೇಡಂ, ಇನ್ನು ಕತ್ತಿನ ಗುಳಿಗೆ ಎಷ್ಟು ದಿನ?"

"ಅದನ್ನ ನೀವಾಗೇ ಬಿಡೋ ಹಾಗಿಲ್ಲಮ್ಮ. ಆರು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನೋಡಿ ಇಳಿಸ್ತೀವಿ. ಆಮೇಲೆ ರೇಡಿಯೋ ಅಯೋಡಿನ್ನೋ, ಆಪರೇಷನ್ನೋ ಯೋಚನೆ ಮಾಡೋಣ. ಆಂಜಿಯೋದಲ್ಲಿ ಹೋದ ಅಯೋಡಿನ್ ಮೈಯಿಂದ ಕಳೀಬೇಕು, ಅದಕ್ಕೆ ಈಗಲೇ ಆಗಲ್ಲ. ಜ್ವರ, ಗಂಟಲು ನೋವು ಬಂದ್ರೆ ಮಾತ್ರ ಆ ದಿನವೇ ಗುಳಿಗೆ ನಿಲ್ಲಿಸಿ ಇಲ್ಲಿಗೆ ಬನ್ನಿ, ಈ ಔಷಧಕ್ಕೆ ಅಪರೂಪಕ್ಕೆ ಬಿಳಿ ರಕ್ತಕಣ ಇಳಿಯುತ್ತೆ."

"ಊರಿಂದ ಆರು ವಾರಕ್ಕೊಮ್ಮೆ ಬರಾಕಾಯ್ತದಾ ಮೇಡಂ?"

"ರಕ್ತ ತಿಪಟೂರಲ್ಲೇ ಕೊಡಿ. ವರದಿ ಫೋನಿಗೆ ಕಳಿಸಿ. ಗುಳಿಗೆ ಮುಗಿಯೋಕೆ ಹತ್ತು ದಿನ ಇದ್ದಾಗಲೇ ತರಿಸಿಬಿಡಿ." ಡಾಕ್ಟರಮ್ಮ ಚೀಟಿಯ ಮೇಲುಗಡೆ, ಔಷಧಗಳ ಹೆಸರಿಗೂ ಮೊದಲು, ಕೆಂಪು ಪೆನ್ನಿನಲ್ಲಿ 'ಥೈರಾಯ್ಡ್ ರೋಗಿ' ಎಂದು ದಪ್ಪಗೆ ಬರೆದು ಗೆರೆ ಎಳೆದು ಕೊಟ್ಟಳು.